ಒಗೆಯುವ ಕಲ್ಲು

“ಕೆರೆಯ ಗಡಿಗೆ ನೆಟ್ಟಿದ್ದ ಬಾಂದು ಕಲ್ಲು ಎಲ್ಲಿತ್ತು ಯಜಮಾನ್ರೆ? ಹಳಬರಲ್ಲಿ ನೀವೊಬ್ರೇ ಉಳಿದಿರೋದು,” ಎಂದು ಕೆರೆಯ ಒತ್ತುವರಿ ಅಳೆಯಲು ಹೊಸಕೋಟೆಯಿಂದ ಬಂದ ಸರ್ವೇಯರ್ ಕೇಳಿದಾಗ, ಅಪ್ಪಯ್ಯಣ್ಣ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ. ಹೋದ ವಾರದ ಮಳೆಗೆ ಲೇಔಟಿಗೆಲ್ಲ ನೀರು ನುಗ್ಗಿ, ಎದುರುಮನೆಯ ಬಾಣಂತಿಯನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದ್ದರು.

“ನಮ್ಮ ಮಾವನಿಗೆ ಮರೆವು ಸಾರ್,” ಎಂದಳು ಸೊಸೆ, ಅವಸರದಲ್ಲಿ.

ಮರೆತಿರಲಿಲ್ಲ. ಕೆರೆ ಬತ್ತಿದ ವರ್ಷ, ಹೆಂಡತಿ ಕೇಳಿದಳೆಂದು ಆ ಕಲ್ಲನ್ನು ಕಿತ್ತು ಹಿತ್ತಲಿಗೆ ತಂದು ಹಾಕಿದವನು ಅವನೇ. ಆಮೇಲೆ ಕೆರೆ ಎಲ್ಲಿಯವರೆಗಿತ್ತೆಂದು ಕೇಳುವವರೇ ಇರಲಿಲ್ಲ. ಕೆರೆಯಂಗಳದಲ್ಲಿ ಸೈಟುಗಳಾದವು. ಮಗ ಕೆಂಪರಾಜನೂ ಹಳೆಮನೆಯನ್ನು ಕೆರೆಯ ಕಡೆಗೇ ಬೆಳೆಸಿದ್ದ.

ಅಪ್ಪಯ್ಯಣ್ಣ ಮಂಡಿ ಹಿಡಿದುಕೊಂಡು ಮೇಲೆದ್ದು ಪಕ್ಕಕ್ಕೆ ಸರಿದ.

“ಕಲ್ಲು ಇದೇ ಸ್ವಾಮಿ. ಇದನ್ನ ಕಿತ್ತ ಜಾಗದಲ್ಲಿ ನನ್ನ ಮಗ ಅಡುಗೆಮನೆ ಕಟ್ಟವ್ನೆ.”