ಇನ್ಸುಲಿನ್ ಕಥೆಗೆ ಒಂದು ಹೂಂ

ಕಥೆ ಕೇಳುತ್ತ ರೋಗಿ ‘ಹೂಂ’ ಅನ್ನದಿದ್ದರೆ ಔಷಧಿ ಮೈಗೆ ಹತ್ತುವುದಿಲ್ಲ. ಅದಕ್ಕೇ ನಮ್ಮೂರ ಆಸ್ಪತ್ರೆಯಲ್ಲಿ ಔಷಧಿ ಕಿಟಕಿಯ ಪಕ್ಕದಲ್ಲೇ ಕಥೆಯ ಕಟ್ಟೆ.

ಬಹಳ ವರ್ಷ ಆ ಕಟ್ಟೆಯ ಮೇಲೆ ಕೂತು ಕಥೆ ಹೇಳಿದ ನೀಲವ್ವ ಇವತ್ತು ರೋಗಿಗಳ ಬೆಂಚಿನಲ್ಲಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಮನೆಯಲ್ಲಿ ತಾನೇ ಕಥೆ ಹೇಳಿಕೊಂಡು ತಾನೇ ಹೂಂಗುಟ್ಟಿ ನೋಡಿದ್ದಳು, ಔಷಧಿ ಮೋಸಹೋಗಿರಲಿಲ್ಲ.

ಹೊಸ ಕಥೆಗಾರ್ತಿ ರಜಿಯಾ ಇನ್ಸುಲಿನ್ ಚುಚ್ಚಿ ಶುರು ಮಾಡಿದಳು. “ರಕ್ತದ ಓಣಿಯಾಗ ಸಕ್ಕರಿ ತುಂಬಿ ತುಳುಕತಿತ್ತು. ಆದ್ರ ಎಲ್ಲಾ ಮನಿ ಬಾಗಲಾ ಹಾಕಿತ್ತು, ಒಳಗ ಮಂದಿ ಹಸದು ಮಲಗಿದ್ರು. ಆವಾಗ ಇನ್ಸುಲಿನ್ ಅನ್ನಾಕಿ ಕೀಲಿ ಹಿಡಕೊಂಡು ಬಂದ್ಲು…”

ನೀಲವ್ವ ಹೂಂ ಅನ್ನಲಿಲ್ಲ. ಹುಡುಗಿ ಎಲ್ಲಿ ತಪ್ಪುತ್ತಾಳೆಂದು ಕಾಯುತ್ತಿದ್ದಳು.

“ಹೂಂ ಅನ್ರಿ ಅಜ್ಜಿ, ಔಷಧ ಸುಮ್ಮನ ಹಾಳಾಗ್ತದ.”

“ಮೊದಲ ನೀ ಛಂದಾಗಿ ಹೇಳವಾ.”

ರಜಿಯಾ ನಕ್ಕು, ಬಾಯಿಂದ ಬಾಯಿಗೆ ಬಂದ ಮಾತನ್ನು ಹಾಗೆಯೇ ಹೇಳಿದಳು: “ಬಾಗಲಾ ತಗದು ಆಕಿ ಕರದ್ಲು, ‘ಏ ನೀಲಿ, ಏಳ, ಎರಡು ತುತ್ತು ಉಂಡು ಮಲಕೋ.’”

ಅದು ನೀಲವ್ವನ ಅವ್ವನ ಮಾತು. ಇನ್ಸುಲಿನ್ನಿಗೆ ಕಥೆ ಹುಟ್ಟುವ ಮೊದಲೇ ಇದೇ ಕಾಯಿಲೆಯಲ್ಲಿ ತೀರಿಕೊಂಡ ಅವ್ವ. ಕಥೆ ಕಟ್ಟುವಾಗ ನೀಲವ್ವನೇ ಅದನ್ನು ಒಳಗಿಟ್ಟಿದ್ದಳು. ಊರಿಗೆಲ್ಲ ಹೇಳಿದ್ದಳು; ಇನ್ನೊಬ್ಬರ ಬಾಯಿಂದ ಕೇಳಿರಲಿಲ್ಲ.

ಕಣ್ಣು ಮುಚ್ಚಿ, ನಿದ್ದೆಗಣ್ಣಿನ ಮಗುವಿನಂತೆ ಅಂದಳು: “ಹೂಂ, ಅವ್ವಾ.”