ಬೆಲ್ ಒತ್ತುವ ಕೆಲಸ

ಪರದೇಶದಲ್ಲಿ ನಾಲ್ಕು ವರ್ಷ ಒಬ್ಬನೇ ಇದ್ದು, ಆ ಇಪ್ಪತ್ತು ಮಹಡಿಯ ಕಟ್ಟಡವನ್ನು ನಿಂತು ಕಟ್ಟಿಸಿದವನು ದಾಮೋದರ. ಈಗ ಮಾಲೀಕರಿಗೆ ಒಪ್ಪಿಸುವ ಮುಂಚಿನ ಕೊನೆಯ ತಪಾಸಣೆ. ಜನರಿಲ್ಲದ ಒಂದೊಂದು ಮನೆಯ ಬೆಲ್ಲನ್ನೂ ಒತ್ತಬೇಕು. ಒಳಗೆ ಸದ್ದಾದರೆ ಪಟ್ಟಿಯಲ್ಲಿ ಗುರುತು ಹಾಕಿ ಮುಂದಿನ ಬಾಗಿಲಿಗೆ ಹೋಗಬೇಕು.

ಹೆಂಡತಿ ಫೋನ್ ಮಾಡಿದಳು.

"ಊರಿಗೆ ಯಾವಾಗ ಬರುವುದು?"

"ಇನ್ನೂ ನೂರ ನಲವತ್ತು ಬಾಗಿಲು ಬಾಕಿ ಉಂಟು ಮಾರಾಯ್ತಿ."

"ಒಬ್ಬರಾದರೂ ತೆಗೀತಾರಾ?"

"ತೆಗೀಲಿಕ್ಕೆ ಯಾರಿದ್ದಾರೆ?" ಎಂದು ನಕ್ಕುಬಿಟ್ಟ.

ಆ ಕೆಲಸ ಮುಗಿದ ಮರುದಿನವೇ ವಿಮಾನ ಹತ್ತಿದ. ಮಂಗಳೂರಿನ ತನ್ನ ಫ್ಲ್ಯಾಟಿನ ಮುಂದೆ ಸೂಟ್‌ಕೇಸ್ ಇಳಿಸಿ ಬೆಲ್ ಒತ್ತಿದ. ಒಳಗೆ ಸದ್ದಾಯಿತು.

ಹೆಂಡತಿ ಓಡಿಬಂದು ಬಾಗಿಲು ತೆಗೆದಾಗ, ಅವನು ಎದುರು ಮನೆಯ ಬೆಲ್ ಒತ್ತಿ ಕಿವಿಗೊಟ್ಟು ನಿಂತಿದ್ದ.