ಇನ್ನೊಂದು ಸಂದಿ ಉಳಿದಿದೆ

ಬೆಳಿಗ್ಗೆ ನೋಡಿದರೆ ಮೀನಿನ ತೊಟ್ಟಿಯಲ್ಲಿ ನೆಟ್ಟ ಗಿಡಗಳೆಲ್ಲ ಮತ್ತೆ ನೀರಿನ ಮೇಲೆ ತೇಲುತ್ತಿದ್ದವು. ಇದು ಮೂರನೇ ಸಲ. ಯಾರೋ ಬೇಕಂತಲೇ ಕೀಳುತ್ತಿದ್ದಾರೆ ಎಂದು ಸೊಸೆಗೆ ಅನುಮಾನ. ಯಾರೋ ಏನು ಬಂತು, ಅತ್ತೆಯೇ. ಈ ಮನೆಯಲ್ಲಿ ಮಾವನ ಬಾಲಂಗೋಚಿ ಇನ್ಯಾರಿದ್ದಾರೆ?

ಆ ಗಾಜಿನ ತೊಟ್ಟಿ ಇದ್ದದ್ದು ಹಜಾರಕ್ಕೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ, ಕಿಟಕಿಯ ಹಾಗೆ. ಮಾವ ಗೋಡೆ ಒಡೆಸಿ ಅದನ್ನು ಕೂರಿಸಿದ್ದರು. ಮೀನಿನ ಮೇಲೆ ಅಂಥ ಪ್ರೀತಿಯೇನೂ ಇಲ್ಲ. ಹಜಾರದ ಕುರ್ಚಿಯಲ್ಲಿ ಕೂತರೆ ನೀರಿನಾಚೆ ಅಡುಗೆಮನೆಯ ಹಿಂಬಾಗಿಲು ನೇರ ಕಾಣುತ್ತಿತ್ತು, ಅಷ್ಟೇ. ಮೂವತ್ತು ವರ್ಷ ಗೋದಾಮು ಕಾದ ಮನುಷ್ಯ. ನಿವೃತ್ತಿ ಸಿಕ್ಕಿದ್ದು ಕೆಲಸಕ್ಕೆ, ಕಣ್ಣಿಗಲ್ಲ. ಮೊಣಕಾಲು ನೋವು, ಹಾಗಾಗಿ ಕುರ್ಚಿ ಬಿಟ್ಟು ಏಳುವುದು ಅಪರೂಪ. ಮುಂಬಾಗಿಲಿನ ಕೀಲಿ ಅವರ ದಿಂಬಿನಡಿ. ಹಿಂಬಾಗಿಲಿಗೆ ಒಳಗಿನಿಂದ ಬೀಗ, ಅದರ ಕೀಲಿ ಅತ್ತೆಯ ಸೊಂಟದ ಗೊಂಚಲಿನಲ್ಲಿ.

ಸೊಸೆ ಈ ಮನೆಗೆ ಬಂದು ಎರಡು ವರ್ಷ. ಗಂಡನಿಗೆ ದೂರದ ಊರಿನಲ್ಲಿ ಕೆಲಸ. ತಿಂಗಳಿಗೊಮ್ಮೆ ಬಂದು, "ಅಪ್ಪನಿಗೆ ಬೇಜಾರು ಮಾಡ್ಬೇಡ" ಅಂದು ಹೋಗುತ್ತಾನೆ. ಹೊಸ್ತಿಲು ದಾಟಲು ಮಾವನ ಅಪ್ಪಣೆ ಬೇಕು, ಆ ಅಪ್ಪಣೆ ಒಂದು ದಿನವೂ ಸಿಕ್ಕಿಲ್ಲ. ಹೀಗಿರುವಾಗ ಅಕ್ಕ ಫೋನಿನಲ್ಲಿ ಪಿಸುಗುಟ್ಟಿದ್ದಳು: ನರ್ಸಿಂಗ್ ಶಾಲೆಯಲ್ಲಿ ನಿನಗೆ ಸೀಟು ಸಿಕ್ಕಿದೆ, ಈ ತಿಂಗಳ ಕೊನೆಯ ಗುರುವಾರ ಮಧ್ಯಾಹ್ನ ಎರಡರೊಳಗೆ ಬಂದು ಹಾಜರಾಗಬೇಕು, ಇಲ್ಲದಿದ್ದರೆ ಮುಂದಿನವರ ಪಾಲು.

ಎರಡು ಮೀನು ಸತ್ತಾಗ ಮೀನಿನಂಗಡಿಯವನು, "ಜೀವಂತ ಗಿಡ ಹಾಕ್ಸಿ, ನೀರು ಚೆನ್ನಾಗಿರುತ್ತೆ" ಎಂದು ಮಾವನಿಗೆ ಹೇಳಿ, ಕಟ್ಟು ಕಟ್ಟು ಗಿಡ ತಂದುಕೊಟ್ಟಿದ್ದ. ಸೊಸೆಗೆ ಥಟ್ಟನೆ ಹೊಳೆದದ್ದು ಆಗಲೇ. ಉದ್ದ ಎಲೆಯವನ್ನು ಒತ್ತೊತ್ತಾಗಿ ನೆಟ್ಟರೆ ಹಜಾರದಿಂದ ಹಿಂಬಾಗಿಲು ಕಾಣುವುದಿಲ್ಲ. ಆದರೆ ಹಾಳಾದ ಗಿಡಗಳು ನಿಂತರೆ ತಾನೆ?

"ಕಿತ್ತಿದ್ದು ಮೀನು ಕಣಮ್ಮ," ಹಿಂದಿನಿಂದ ಅತ್ತೆಯ ದನಿ. ಯಾವಾಗ ಬಂದು ನಿಂತರೋ. "ಮರಳು ತೆಳ್ಳಗಿದೆ, ಬೇರಿಗೆ ಹಿಡಿತ ಇಲ್ಲ. ನಾಲ್ಕು ಬೆರಳು ದಪ್ಪ ಹಾಕು."

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ದಿನಾ ನೋಡ್ತಾನೇ ಇರ್ತೀನಲ್ಲ."

ಅದೇ ಅವಳಿಗೆ ಭಯ. ಆದರೂ ಮಾತು ಸರಿಯಿತ್ತು. ತೊಳೆದ ಮರಳು ಸುರಿದಳು. ಕೊಳೆತ ಬೇರು ಕತ್ತರಿಸಿ, ಬುಡಕ್ಕೆ ಭಾರಕ್ಕೆಂದು ಸೀಸದ ಪಟ್ಟಿ ಸುತ್ತಿ, ಉದ್ದ ಚಿಮುಟದಲ್ಲಿ ಹಿಡಿದು ಓರೆಯಾಗಿ ಚುಚ್ಚಿದಳು. ಅಗಲ ಎಲೆಯ ಗಿಡವೊಂದಿತ್ತು, ಅದರ ದಪ್ಪ ಬುಡ ಹೂತರೆ ಕೊಳೆಯುತ್ತದೆ, ಮರದ ತುಂಡಿಗೆ ಕಟ್ಟಬೇಕು. ಅತ್ತೆ ತಾವಾಗಿಯೇ ಕಪ್ಪು ದಾರ ತಂದುಕೊಟ್ಟರು.

"ಬಿಗಿಯಾಗಿ ಕಟ್ಟು. ಉಸಿರು ಕಟ್ಟೋ ಹಾಗಲ್ಲ."

ಉಳಿದ ದಾರದಲ್ಲಿ ಅಲ್ಲೇ ಕೂತು ತಮ್ಮ ಹಳೇ ಚಪ್ಪಲಿಯ ಪಟ್ಟಿ ಹೊಲಿದುಕೊಂಡರು. ಹತ್ತಾರು ವರ್ಷದಿಂದ ಹೊರಗೆ ಕಾಲಿಡದವರಿಗೆ ಚಪ್ಪಲಿಯ ಚಿಂತೆ ಬೇರೆ. ಸೊಸೆಗೆ ಒಳಗೊಳಗೇ ನಗು ಬಂತು.

ಈ ಸಲ ಗಿಡಗಳು ಕಚ್ಚಿ ನಿಂತವು. ವಾರ ಕಳೆಯುವುದರೊಳಗೆ ಹಜಾರದಿಂದ ಗೊಣಗಾಟ ಶುರುವಾಯಿತು.

"ಇದೇನು ಕಾಡು ಬೆಳೆಸ್ತಿದ್ದೀರೋ? ಒಂದು ಮೀನೂ ಕಾಣ್ತಿಲ್ಲ. ಕಿತ್ತು ಬಿಸಾಕಿ."

ಸೊಸೆಯ ಕೈ ನೀರಿನಲ್ಲೇ ನಿಂತುಹೋಯಿತು. ಮುಗಿಯಿತು ಕಥೆ ಅಂದುಕೊಂಡಳು. ಉತ್ತರ ಕೊಟ್ಟಿದ್ದು ಅತ್ತೆ.

"ಮೀನಿಗೂ ಸ್ವಲ್ಪ ಮರೆ ಬೇಕು ಬಿಡಿ. ಇಪ್ಪತ್ತನಾಲ್ಕು ಗಂಟೆ ನೋಡ್ತಾ ಕೂತ್ರೆ ಅವೂ ಸಾಯ್ತವೆ. ಸತ್ತಿದ್ದು ಸಾಲದಾ?"

ಮಾವ ಮತ್ತೆ ಕೀಳುವ ಮಾತೆತ್ತಲಿಲ್ಲ. ಪಾಪದ ಹೆಂಗಸು, ತನಗರಿಯದೇ ಸಹಾಯ ಮಾಡುತ್ತಿದೆ ಎಂದು ಸೊಸೆ ನಿಟ್ಟುಸಿರು ಬಿಟ್ಟಳು.

ಕೊನೆಯ ಬುಧವಾರ ಸಂಜೆ ಅತ್ತೆ ತೊಟ್ಟಿಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇನ್ನೊಂದು ಸಂದಿ ಉಳಿದಿದೆ. ಬಲಗಡೆ. ಅದನ್ನೂ ಮುಚ್ಚಿಬಿಡು."

ಸೊಸೆ ಚಿಮುಟ ಕೆಳಗಿಟ್ಟು ತಿರುಗಿದಳು. ಗೊತ್ತಾಗಿಹೋಯಿತೇ? ಬೇಕಂತಲೇ ಕೆಣಕುತ್ತಿದ್ದಾರೆಯೇ? ಅತ್ತೆಯ ಮುಖದಲ್ಲಿ ಏನೂ ಇರಲಿಲ್ಲ. ಕೊನೆಯ ಕಟ್ಟನ್ನು ಬಲಗಡೆ ಊರಿದಳು. ಮಾವನಿಗೆ ನೀರು ಕೊಡುವ ನೆಪದಲ್ಲಿ ಕುರ್ಚಿಯ ಹಿಂದೆ ನಿಂತು ನೋಡಿದಳು. ಎಲ್ಲಾ ಹಸಿರು. ಬಾಗಿಲು ಎಳ್ಳಷ್ಟೂ ಕಾಣಲಿಲ್ಲ.

ಗುರುವಾರ ಹನ್ನೊಂದಕ್ಕೆ ಅತ್ತೆಯ ಸ್ನಾನ. ಗಡಿಯಾರ ತಪ್ಪಿದರೂ ಅದು ತಪ್ಪದು. ಗೊಂಚಲನ್ನು ಬಚ್ಚಲಿನ ಹೊರಗಿನ ಮೊಳೆಗೆ ತೂಗುಹಾಕಿ ಒಳಗೆ ಹೋದರೆ ಅರ್ಧ ಗಂಟೆ. ಸೊಸೆಗೆ ಬೇಕಿದ್ದದ್ದು ಐದೇ ನಿಮಿಷ.

ಹಿಂದಿನ ಕೋಣೆಯಲ್ಲಿ ಚೀಲಕ್ಕೆ ಕೊನೆಯ ಬಟ್ಟೆ ತುರುಕುತ್ತಿದ್ದಾಗ ಬಚ್ಚಲಲ್ಲಿ ನೀರು ಬಿಟ್ಟ ಸದ್ದು ಕೇಳಿತು. ನೂರು ಎಣಿಸಿ ಹೊರಬಂದಳು. ಮೊಳೆಯಲ್ಲಿ ಗೊಂಚಲಿರಲಿಲ್ಲ.

ಒಳಗೆ ತೆಗೆದುಕೊಂಡು ಹೋದರೇ? ಮೆಲ್ಲಗೆ ತಟ್ಟಿದಳು. "ಅತ್ತೆ, ಬೀರುವಿನ ಕೀಲಿ ಬೇಕಿತ್ತು." ಉತ್ತರವಿಲ್ಲ. ಬಾಗಿಲು ಒತ್ತಿದರೆ ತೆರೆದೇ ಇತ್ತು. ಬಕೆಟ್ ತುಂಬಿ ನೀರು ಚೆಲ್ಲುತ್ತಿತ್ತು. ಒಳಗೆ ಯಾರೂ ಇರಲಿಲ್ಲ.

ತಿರುಗಿ ನೋಡಿದಳು. ಹಿಂಬಾಗಿಲಿನ ಬೀಗವೂ ಇಲ್ಲ, ಚಿಲಕವೂ ಸರಿದಿದೆ. ಅತ್ತೆ ಹಿತ್ತಲಿಗೆ ಹೋಗಿರಬೇಕು. ಹೋದರೆ ಹೋಗಲಿ, ಕಂಡರೆ ಕಾಣಲಿ, ಕಾಲಿಗೆ ಬಿದ್ದಾದರೂ ದಾಟಿ ಓಡುತ್ತೇನೆ ಎಂದುಕೊಂಡು ಚೀಲ ಹೆಗಲಿಗೇರಿಸಿ ಬಾಗಿಲನ್ನು ಎಳೆದಳು. ಒಂದು ಬೆರಳಷ್ಟು ಬಂದು ನಿಂತಿತು. ಎರಡೂ ಕೈಯಲ್ಲಿ ಎಳೆದಳು.

"ಯಾರದು ಅಲ್ಲಿ? ನೀನೋ, ನಿಮ್ಮತ್ತೆಯೋ?" ಹಜಾರದಿಂದ ಮಾವ ಕೂಗಿದರು. "ಏನೂ ಕಾಣ್ತಿಲ್ವಲ್ಲ."

ಅವಳು ಆ ಬೆರಳಗಲದ ಸಂದಿಯಲ್ಲಿ ಕಣ್ಣಿಟ್ಟಳು: ಅತ್ತೆ ಹೊರಗಿನಿಂದ ಬೀಗ ಹಾಕಿಕೊಂಡು ಹೊರಟುಹೋಗಿದ್ದರು.